ಹೆಸರು ಬರೆಯಬೇಡಿ

ನಮೂನೆಯ ನೆತ್ತಿಯಲ್ಲೇ ದಪ್ಪಕ್ಷರ:
ಹೆಸರು ಬರೆಯಬೇಡಿ.
ಬರೆದಿಲ್ಲ ಯಾರೂ. ಇಪ್ಪತ್ಮೂರು ಹಾಳೆ,
ಲಕೋಟೆಯ ಬಾಯಿಗೆ ಆಫೀಸಿನ ಅಂಟು,
ಅಂಕ ಕೊಟ್ಟ ಮೇಲಷ್ಟೇ ತೆರೆಯತಕ್ಕದ್ದು.
ಕೊಟ್ಟಾಯಿತು. ತೆರೆದೆ.

ಪುಂತಾ ಅರೇನಾಸಿನ ಗಾಳಿ
ಸಾಲಗಾರನ ಹಾಗೆ ಕಿಟಕಿ ಬಡಿಯುತ್ತಿದೆ.
ಜುಲೈ. ಐದೂವರೆಗೇ ಕತ್ತಲು.
ಹೀಟರಿನ ಮೇಲೆ ನನ್ನ ಕೈಗವಸು
ಒದ್ದೆ ಉಣ್ಣೆಯ ವಾಸನೆ ಬಿಡುತ್ತ ಒಣಗುತ್ತಿದೆ.

ತುಂಬಾ ವೇಗ, ಅನ್ನುತ್ತದೆ ಮೊದಲನೆಯದು.
ತುಂಬಾ ನಿಧಾನ, ಎರಡನೆಯದು.
ಕೂಡಿಸಿ ಎರಡರಿಂದ ಭಾಗಿಸಿದರೆ
ಬಲು ಒಳ್ಳೆಯ ಮೇಡಂ ನಾನು.
ಇನ್ನೊಂದು ಎಲ್ಲಕ್ಕೂ ಐದಕ್ಕೆ ಐದು ಕೊಟ್ಟಿದೆ;
ತರಗತಿಗೆ ಬಾರದವರ ಔದಾರ್ಯ ಅದು.

'ಪಾಯಿಂಟರ್ ಕಬ್ಬಿಣದ ಕಡಲೆ.
ಹಲ್ಲು ಹೋಯಿತು. ಅಗಿಯುತ್ತಲೇ ಇದ್ದೇನೆ.'

'ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಬರುತ್ತಿದ್ದೆ,
ನಿದ್ದೆ ಹೋದದ್ದಕ್ಕೆ ಕ್ಷಮೆ ಇರಲಿ.
ನಿದ್ದೆಯಲ್ಲೂ ಲೂಪು ಓಡುತ್ತಿತ್ತು,
ನಿಲ್ಲಿಸುವ ಪಾಠದ ದಿನ ನಾನು ರಜೆ.'

'ಮೇಡಂ ಬೋರ್ಡಿನ ಜೊತೆ ಮಾತಾಡುತ್ತಾರೆ.
ನಾವು ಹಿಂದೆ ಕೂತು ಕದ್ದು ಕೇಳಿಸಿಕೊಳ್ಳುತ್ತೇವೆ.'
ಇದನ್ನು ಮಗುಚಿಟ್ಟೆ.
ಚಹಾಕ್ಕೆ ನೀರಿಟ್ಟು ಬಂದೆ.
ಮತ್ತೆ ಎತ್ತಿಕೊಂಡೆ. ಹಾಗೇ ಇತ್ತು.

ಹತ್ತೊಂಬತ್ತನೆಯದಕ್ಕೆ ಹೆಸರು ಬೇಕಿರಲಿಲ್ಲ.
ಹದಿನಾರು ವಾರ ಕೆಂಪು ಶಾಯಿಯಲ್ಲಿ ಬರೆದಿದ್ದೆ,
ಅರ್ಧವಿರಾಮ ಎಲ್ಲಿ? ಅರ್ಧವಿರಾಮ ಎಲ್ಲಿ?
ಪ್ರತಿ ಸಾಲಿನ ಕೊನೆಗೆ ಒಂದು, ಎವರಿಸ್ತೋ,
ಇಲ್ಲದಿದ್ದರೆ ಯಂತ್ರಕ್ಕೆ ನಿನ್ನ ಮಾತು ಕೇಳದು.
ಈಗ ನೋಡಿ:

'ಎಣಿಕೆ ಸೊನ್ನೆಯಿಂದ ಅಂದಿರಿ;
ನನಗೆ ಸಿಟ್ಟು ಬಂತು;
ಒಂದು ಏಡಿ ಇದ್ದರೆ ಒಂದು ತಾನೆ;
ನಮ್ಮ ದೋಣಿಯಲ್ಲಿ ಹಗ್ಗದ ಮೊದಲ ಬೋನು
ಯಾವಾಗಲೂ ಖಾಲಿ ಬರುತ್ತದೆ;
ಅಪ್ಪ ಅದನ್ನು ಎಣಿಸುತ್ತಿರಲಿಲ್ಲ;
ಆದರೆ ಎಳೆಯದೆ ಬಿಟ್ಟದ್ದೂ ಇಲ್ಲ;
ಅದರ ತೂಕಕ್ಕೇ ಉಳಿದವು ಸಾಲಾಗಿ ಕೂರುವುದು;
ಪರೀಕ್ಷೆ ಮುಗಿಸಿ ಬಸ್ಸಿನಲ್ಲಿ ಹೋಗುವಾಗ
ಅದೇ ಸೊನ್ನೆ ಅಂತ ಹೊಳೆಯಿತು;
ಸ್ವಲ್ಪ ತಡವಾಯಿತು;'

ಪರೀಕ್ಷೆಯಲ್ಲಿ ಅವನ ಲೂಪು
ಒಂದು ಸುತ್ತು ಮೊದಲೇ ನಿಂತಿತ್ತು.
ಏಳಕ್ಕೆ ಮೂರೂ ಮುಕ್ಕಾಲು. ನಾಲ್ಕಾದರೆ ಪಾಸು.
ನನ್ನ ಕೈಯಾರೆ ಬರೆದದ್ದು,
ಈ ಲಕೋಟೆ ತೆರೆಯುವ ಒಂದು ಗಂಟೆ ಮೊದಲು.
ಇನ್ನು ತಿದ್ದುವ ಹಾಗಿಲ್ಲ.
ಇದು ಯಾರದೆಂದು ಗೊತ್ತಿರುವ ಹಾಗೂ ಇಲ್ಲ.

ಕೊನೆಗೆ ನನ್ನ ಪಾಲಿನ ಚೌಕ:
ಸುಧಾರಣೆಗೆ ಕೈಗೊಳ್ಳುವ ಕ್ರಮಗಳು, ಮೂರು ಸಾಲು ಮೀರದಂತೆ.
ಪ್ರೊಜೆಕ್ಟರ್ ರಿಪೇರಿ.
ಬೋರ್ಡಿಗೆ ಬೆನ್ನು ಹಾಕಿ ನಿಲ್ಲುವುದು.
ಮೂರನೆಯ ಸಾಲಿನಲ್ಲಿ
ಬರೆದದ್ದನ್ನು ಎರಡು ಸಲ ಹೊಡೆದುಹಾಕಿ
ಕಡೆಗೆ ಇಷ್ಟು ಉಳಿಯಿತು:
ಮೊದಲ ದಿನ, ಎಣಿಸುವುದು ಹೇಗೆಂದು ಅವರನ್ನೇ ಕೇಳುವುದು.

ಆಗಸ್ಟಿನ ಪಟ್ಟಿ ಮೇಜಿನ ಮೇಲಿದೆ.
ಅದರಲ್ಲಿ ಹೆಸರುಗಳಿವೆ.
ಏಡಿಯ ಹಂಗಾಮು ಈಗಷ್ಟೇ ಶುರು, ದೋಣಿಗಳು
ನವೆಂಬರಿನ ತನಕ ದಕ್ಷಿಣಕ್ಕೆ.
ಬೆರಳು ಲೊಂಕೋನ್ ದಾಟಿತು, ಮಲ್ದೊನಾದೊ ದಾಟಿತು,
ಮಾನ್ಸಿಯಾ ಇದ್ದರೆ ಮುಂದಿನ ಸಾಲಿನಲ್ಲೇ ಇರಬೇಕು,
ಚಹಾದ ನೀರು ಉಕ್ಕುವ ಸದ್ದು,
ಎದ್ದು ಹೋದೆ;