ಬೆಂಚು ರಿಪೇರಿಗೆ ಬಂದವನು

ಟೆಷಿಯ ಕಡಲದಂಡೆಯ ಕ್ಲಿನಿಕ್ಕಿನಲ್ಲಿ
ಬೆಳಗ್ಗೆ ಒಂಬತ್ತಕ್ಕೇ ಕರೆಂಟು ಹೋಯಿತು.
ಗೋಡೆಯ ಮೇಲೆ ನಾನು ಮೂಡಿಸಿದ್ದ ಕೆಂಪು ಕಣ
ಬಾಗಿ ಬಾಗಿ ಕುಡುಗೋಲಾಗುವ ಮೊದಲೇ
ಆರಿಹೋಯಿತು.

ಎದುರಿಗೆ ಹದಿನಾಲ್ಕು ಜನ,
ಮನೆಮನೆ ಸುತ್ತಿ ಮಕ್ಕಳ ತೂಕ ಬರೆಯುವವರು.
ಒಬ್ಬಳ ಬೆನ್ನಿಗೆ ಕಟ್ಟಿದ ಕೂಸು,
ಇನ್ನೊಬ್ಬಳ ಮಡಿಲಲ್ಲಿ ಎಲೆ ಬಿಚ್ಚದ ಕೆಂಕಿ.
ಮೂಲೆಯಲ್ಲಿ, ಕುಂಟುವ ಬೆಂಚಿಗೆ
ಕಾಲು ಕೂಡಿಸಲು ಬಂದ ಬಡಗಿ ಅಡ್ಜೆಟೆ.
"ಸದ್ದು ಮಾಡಲ್ಲ ಸಿಸ್ಟರ್, ನೀವು ಹೇಳಿ."

ರಕ್ತದ ಕಣ ದುಂಡಗಿರಬೇಕು ಎಂದೆ,
ಮೆತ್ತಗೆ, ಯಾವ ಸಂದಿಯಲ್ಲೂ ನುಸುಳುವ ಹಾಗೆ.
ಇದು ಸೆಟೆದು, ಬಾಗಿ, ಒಂದಕ್ಕೊಂದು ಸಿಕ್ಕಿಕೊಂಡು...
ಕೋರ್ಕೋರ್ ಕೈಯೆತ್ತಿದಳು:
"ಇದಕ್ಕೆ ಇಂಗ್ಲಿಷ್ ಹೆಸರು ಯಾಕೆ?
ನಮ್ಮಜ್ಜಿ ಚ್ವೆಚ್ವೇಚ್ವೆ ಅನ್ನುತ್ತಿದ್ದಳು."
ಕೋಣೆಗೆ ಕೋಣೆಯೇ ತಲೆದೂಗಿತು.
ಚ್ವೆ, ಮೊಣಕಾಲು. ಚ್ವೇ, ಸೊಂಟ. ಚ್ವೆ, ಎದೆಗೂಡು.
ಕಚ್ಚಿ ಬಿಟ್ಟು ಕಚ್ಚುವ ನೋವಿಗೆ
ಕಚ್ಚಿ ಬಿಟ್ಟು ಕಚ್ಚುವ ಹೆಸರು.
ನಾನು ಓದಿದ ದಪ್ಪ ಪುಸ್ತಕಗಳಲ್ಲಿ
ನರಳುವ ಸದ್ದು ಎಲ್ಲೂ ಇರಲಿಲ್ಲ.

ಬರೆದುಕೊಳ್ಳಿ ಎಂದೆ. ನೀರು ಕುಡಿಸುತ್ತಿರಬೇಕು.
ಪೆನಿಸಿಲಿನ್ ದಿನಕ್ಕೆ ಎರಡು ಸಲ,
ಮಗು ಗುಂಡುಗುಂಡಾಗಿ ಕುಣಿಯುತ್ತಿದ್ದರೂ.
ಎಡಪಕ್ಕೆಲುಬಿನ ಕೆಳಗೆ ಹೀಗೆ ಬೆರಳೂರಿ ನೋಡಿ,
ಗಡ್ಡೆಯಂಥದ್ದು ತಾಕಿದರೆ ಹೊರಡಿ.
ಕಣ್ಣು ಹಳದಿಯಾದರೆ ಅದು ಯಾರ ದೃಷ್ಟಿಯೂ ಅಲ್ಲ.
ಜ್ವರ ಬಂದ ರಾತ್ರಿ
ಬೆಳಗಾಗಲಿ ಎನ್ನಬೇಡಿ.

ತಂದೆತಾಯಿ ಇಬ್ಬರ ರಕ್ತದಲ್ಲೂ ಇದು ಅಡಗಿದ್ದರೆ
ನಾಲ್ಕರಲ್ಲಿ ಒಂದು ಎಂದೆ. ಎಡವಿದ್ದು ಅಲ್ಲೇ.
"ಹಾಗಾದರೆ ಒಂದು ಮಗುವಿಗೆ ಬಂದುಹೋದರೆ
ಮುಂದಿನ ಮೂರು ಕ್ಷೇಮ!"
ಬೆನ್ನಿಗೆ ಕೂಸು ಕಟ್ಟಿದವಳ ಮುಖ ಅರಳಿತು.
ಆ ಮುಖವನ್ನು ನಾನು ನೋಡಲಾರದೆ ಹೋದೆ.

ಒಬ್ಬಳ ಜಡೆಯಿಂದ ಎರಡು ಕವಡೆ ಬಿಚ್ಚಿಸಿದೆ.
ಒಂದು ಅಪ್ಪ, ಒಂದು ಅಮ್ಮ.
ಎರಡೂ ಬೋರಲು ಬಿದ್ದರೆ ಕಾಯಿಲೆ. ಎಸೆಯಿರಿ.
ಎಸೆದರು. ಬೋರಲು, ಅಂಗಾತ.
ಮತ್ತೆ. ಎರಡೂ ಬೋರಲು.
ಮತ್ತೆ. ಮತ್ತೂ ಬೋರಲು, ಎರಡೂ.
ನಗುತ್ತಿದ್ದವರು ನಗು ನಿಲ್ಲಿಸಿದರು.
ಹೋದ ಸಲ ಹೇಗೆ ಬಿದ್ದೆ ಅನ್ನುವುದು
ಕವಡೆಗೆ ನೆನಪಿರುವುದಿಲ್ಲ ಎಂದೆ.
ಮತ್ತೆ, ನೋಡಿ, ಕವಡೆ ಎರಡು. ಒಂದಲ್ಲ.

ಸುತ್ತಿಗೆ ನೆಲಕ್ಕಿಟ್ಟ ಸದ್ದು.
"ಮೀನು ಹೊಗೆ ಹಾಕುವ ಓಣಿಯ ನೀಲಿ ಬಾಗಿಲು,
ನಿಮ್ಮ ಪಟ್ಟಿಯಲ್ಲಿದೆಯೇ ಸಿಸ್ಟರ್?"
ಇರಲಿಲ್ಲ.
"ಮೊದಲನೆಯದು ಮೂರಡಿ. ಆಮೇಲೆ ಎರಡೂವರೆ.
ಹೋದ ವರ್ಷ ಧೂಳುಗಾಳಿಯ ತಿಂಗಳಲ್ಲಿ ಮತ್ತೆ ಮೂರು.
ದೊಡ್ಡವರಿಗೆ ನಾನು ಮೀನಿನ ಹಾಗೆ, ದೋಣಿಯ ಹಾಗೆ,
ಟ್ಯಾಕ್ಸಿಯವನಿಗೆ ನಂಬರ್ ಪ್ಲೇಟಿನ ಸಮೇತ ಟ್ಯಾಕ್ಸಿಯ ಹಾಗೆ
ಶವಪೆಟ್ಟಿಗೆ ಮಾಡಿಕೊಟ್ಟವನು.
ಸಣ್ಣವರಿಗೆ ಯಾರೂ ಏನೂ ಕೇಳುವುದಿಲ್ಲ.
ಬರೀ ಪೆಟ್ಟಿಗೆ.
ಅಳತೆ ಬರೆದ ಪುಸ್ತಕ ಅಂಗಡಿಯಲ್ಲಿದೆ.
ಯಾವ ಮನೆಗೆ ಎಷ್ಟು, ಎಲ್ಲ ಇದೆ."

ಆ ಹೆಂಗಸನ್ನು ಓಣಿ ಏನೆಂದು ಕರೆಯುತ್ತದೆ
ಎನ್ನುವುದು ಕೋಣೆಗೆಲ್ಲ ಗೊತ್ತು.
ಕರೆದವರೂ ಅಲ್ಲಿದ್ದರು, ಪೆನ್ನು ಹಿಡಿದು,
ಬರೆಯದೆ.
"ಈಗ ಅವಳಿಗೆ ಏಳು ತಿಂಗಳು," ಎಂದ ಅಡ್ಜೆಟೆ,
"ನಾನು ಹಲಗೆ ಕೊಯ್ಯದೆ ಕಾಯುತ್ತಿದ್ದೇನೆ."

ಮಧ್ಯಾಹ್ನ ಅವನೇ ಹೋಗಿ ಪುಸ್ತಕ ತಂದ.
ಪುಟ ತಿರುವಿದರೆ ಮರದ ಹೊಟ್ಟು ಉದುರುತ್ತದೆ.
ಅಡಿ, ಅಂಗುಲ, ಮುಂಗಡ, ಬಾಕಿ.
ಮೂರೂವರೆ ಅಡಿಗಿಂತ ಕಡಿಮೆ ಇದ್ದದ್ದನ್ನೆಲ್ಲ
ಎಲ್ಲವೂ ಇದೇ ಕಾಯಿಲೆಯಲ್ಲ ಎಂದು ಗೊತ್ತಿದ್ದೂ
ನಮ್ಮ ಪಟ್ಟಿಗೆ ಇಳಿಸಿದೆವು.
ಹುಟ್ಟಿದ ಕೂಸಿನ ಹಿಮ್ಮಡಿ ಹೇಗೆ ಚುಚ್ಚುವುದು,
ತೊಟ್ಟು ರಕ್ತವನ್ನು ಕಾಗದಕ್ಕೆ ಹೇಗೆ ಒತ್ತುವುದು ಎಂದು
ಒಂದು ಕಿತ್ತಳೆಹಣ್ಣಿನ ಮೇಲೆ ತೋರಿಸಿದೆ.

ಸಂಜೆಗೆ ಕರೆಂಟು ಬಂತು.
ಗೋಡೆಯ ಮೇಲೆ ಕುಡುಗೋಲು ಪೂರ್ತಿ ಬಾಗಿ ನಿಂತಿತ್ತು.
ಯಾರೂ ಅತ್ತ ನೋಡಲಿಲ್ಲ.
ಕೋರ್ಕೋರ್ ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು
ನೀಲಿ ಬಾಗಿಲಿಗೆ.
"ಗಂಡ ಇದ್ದಾಗಲೇ ಹೋಗಬೇಕು" ಎಂದಳು,
ಮುಷ್ಟಿಯಲ್ಲಿ ಎರಡೂ ಕವಡೆ.

ಬೆಂಚಿನ ಮೇಲೆ ಕೂತು ನೋಡಿದೆ.
ಇನ್ನೂ ಕುಂಟುತ್ತದೆ.