ಬಾಗಿಲಿಲ್ಲದ್ದು

ನಮ್ಮ ಕೊಲ್ಲಿಯಲ್ಲಿ ನೆಲ ನಾಲ್ಕಡಿ ಆಳಕ್ಕೆ ಹೆಪ್ಪುಗಟ್ಟುತ್ತದೆ.
ಅದಕ್ಕಿಂತ ಮೇಲೆ ಏನು ಹೂತರೂ ಅಷ್ಟೇ,
ಮೇ ತಿಂಗಳಿಗೆ ಮಣ್ಣು ಅದನ್ನೆತ್ತಿ ಹೊರಗಿಡುತ್ತದೆ.
ಆಲೂಗಡ್ಡೆ ಸಾಲಿನಲ್ಲಿ ವರ್ಷವರ್ಷವೂ ಹೊಸ ಕಲ್ಲು.
ಅಪ್ಪ ಅನ್ನುತ್ತಿದ್ದ: ನ್ಯೂಫೌಂಡ್‌ಲ್ಯಾಂಡಿನಲ್ಲಿ
ಬಿತ್ತದೆ ಬೆಳೆಯುವುದು ಇದೊಂದೇ.

ನಾನು ಲಿಯಾಂಡರ್ ಕೋಡಿ, ಕಲ್ಲು ಕಟ್ಟುವವನು.
ಪರಿಹಾರದ ಹಣಕ್ಕೆಂದು ಇಗರ್ಜಿ ಮಾರಿಹೋಯಿತು.
ಪೀಠದ ಹಿಂದಿನ ಕೋಣೆ ಕೆಡವಿದ ಜಾಗ,
ಉದ್ದ ಇಪ್ಪತ್ತು, ಅಗಲ ಹದಿನಾಲ್ಕು,
ಐವರ ಪಾಲಿಗೆ ಬಿಟ್ಟಿದ್ದಾರೆ.
ಏನು ಕಟ್ಟಲಿ ಎಂದು ಒಬ್ಬೊಬ್ಬರನ್ನೇ ಕೇಳಿದೆ.

ಡಲ್ಸಿ ಕೀಯೋ ಅಂದಳು: ಬಾಗಿಲು ಬೇಡ.
ಬಾಗಿಲಿನಂಥದ್ದೂ ಬೇಡ, ಕಮಾನು ಗಿಮಾನು.
ಮೇಣದ ಬತ್ತಿ ಬೇಡ, ಆ ವಾಸನೆ.
ಮೊಣಕಾಲೂರಬಹುದಾದ ಮೆಟ್ಟಿಲು ಬೇಡ.
ನನ್ನ ಹೆಸರು ಬೇಕು, ಪೂರ್ತಿ, ಅಪ್ಪನ ಮನೆಯದು, ದೊಡ್ಡಕ್ಷರದಲ್ಲಿ.

ಆಂಬ್ರೋಸನಿಗೆ ಬೆನ್ನಿಗೊಂದು ಗೋಡೆ,
ಕೂತಲ್ಲಿಂದ ರಸ್ತೆ ಕಾಣಬೇಕು.
ಐವತ್ತೊಂದು ವರ್ಷದಿಂದ ಯಾವ ಹೋಟೆಲಿನಲ್ಲೂ
ಮೂಲೆಯ ಕುರ್ಚಿ ಬಿಟ್ಟು ಕೂತವನಲ್ಲ ಅವನು.

ದೂರದ ಊರಿನಿಂದ ಒಬ್ಬ ಬರೆದ: ಹುಲ್ಲು ಕತ್ತರಿಸಬೇಡಿ.
ಇನ್ನೊಬ್ಬನಿಗೆ ಹಾಕಿದ ಕಾಗದ
ಒಡೆಯದೆ ವಾಪಸು ಬಂತು.

ಫಿಂಟನ್ ಇಲ್ಲ. ಅವನ ತಾಯಿ ಬಂದಳು,
ತೊಂಬತ್ತರ ಹತ್ತಿರ, ಕೋಲೂರಿಕೊಂಡು.
ಒಲ್ಲೆ ಒಲ್ಲೆ ಎಂದು ಅತ್ತ ಬೆಳಗುಗಳಲ್ಲಿ
ಅವನ ಕೋಟಿನ ಗುಂಡಿ ಹಾಕಿದ್ದು ಇದೇ ಕೈ, ಅಂದಳು.
ಫಾದರ್ ಕಾಯುತ್ತಾರೆ ಎಂದು ಬೈದದ್ದು ಇದೇ ಬಾಯಿ.
ನನಗೆ ಕೂರುವ ಜಾಗ ಇಡಬೇಡ, ಲಿಯಾಂಡರ್.
ನಾನು ನಿಲ್ಲುತ್ತೇನೆ.

ಬಿಷಪ್ಪರ ಕಚೇರಿ ತಾಮ್ರದ ಹಲಗೆ ಕಳಿಸಿತು:
“ನೊಂದವರ ನೆನಪಿಗೆ.”
ಡಲ್ಸಿ ಅದನ್ನು ಮಗುಚಿ ಹಿಂಬದಿ ನೋಡಿದಳು,
ಅಲ್ಲೇನಾದರೂ ಉಳಿದಿದೆಯೇ ಎಂಬಂತೆ.
“ನೋಯಿಸಿದವರು ಯಾರೂ ಇಲ್ಲವೇ ಇದರಲ್ಲಿ?
ಮಂಜು ಬಂದ ಹಾಗೆ ಕಡಲಿನಿಂದ ತಾನೇ ಬಂತೇ ನೋವು?”
ಹಲಗೆ ಈಗ ನನ್ನ ಗಾರೆಯ ತಟ್ಟೆ.

ಒಂದು ಮಾತು ನಾನು ಯಾರಿಗೂ ಹೇಳಿರಲಿಲ್ಲ.
ಹೆಂಡತಿಗೆ ಹೇಳಿರಲಿಲ್ಲ. ಮೂರನೆಯ ಸಾಲು ಇಡುವಾಗ,
ಆಂಬ್ರೋಸ್ ಕಲ್ಲು ಎತ್ತಿಕೊಡುತ್ತಿದ್ದಾಗ, ಬಾಯಿಬಿಟ್ಟೆ:
ಗಂಟೆ ಬಾರಿಸುವ ಸರದಿ ಅವತ್ತು ನನ್ನದು.
ಚಿಲಕ ಬಿದ್ದದ್ದು ಕೇಳಿಸಿತ್ತು ನನಗೆ.

ಅವನು ಕಲ್ಲು ತಿರುಗಿಸಿ ಮಟ್ಟದ ಮುಖ ಹುಡುಕುತ್ತಿದ್ದ.
“ಗೊತ್ತು,” ಅಂದ. “ಬಾಗಿಲ ಕೆಳಗಿನ ಸಂದಿನಲ್ಲಿ
ನಿನ್ನ ಬೂಟು ಕಾಣುತ್ತಿತ್ತು.
ಕೆಂಪು ಲಾಡಿ.
ಆಮೇಲೆ ಕಾಣಲಿಲ್ಲ.”

ಕಡಲ ಹಕ್ಕಿ ಕೂಗಿತೋ ಇಲ್ಲವೋ ನೆನಪಿಲ್ಲ.
ಅವನು ಕ್ಷಮಿಸಿದೆ ಅನ್ನಲಿಲ್ಲ, ನಾನೂ ಕೇಳಲಿಲ್ಲ.
ಕಲ್ಲು ಚಾಚಿದ. ತೆಗೆದುಕೊಂಡೆ. ಭಾರವಿತ್ತು.

ತಳಪಾಯದ ಮಾತು ಬಂದಾಗ ಕಟ್ಟುವವನ ಬುದ್ಧಿ ನನ್ನದು:
ಐದಡಿ ಅಗೆದರೆ ನೂರು ವರ್ಷ ಅಲ್ಲಾಡುವುದಿಲ್ಲ.
ಡಲ್ಸಿ ತಲೆಯಾಡಿಸಿದಳು. ಮೇಲೆಯೇ ಇಡು.
ಪ್ರತಿ ಚಳಿಗಾಲವೂ ಇದನ್ನು ಒಂದಿಷ್ಟು ಕೆಡಿಸಲಿ,
ಪ್ರತಿ ಮೇ ತಿಂಗಳೂ ಊರಿನವರು ಯಾರಾದರೂ ಬಂದು
ಬಗ್ಗಿ ಸರಿಮಾಡಬೇಕಾಗಲಿ.

ಈ ಸಲ ಪೂರ್ವದ ಮೂಲೆ ಎರಡು ಬೆರಳು ಎದ್ದಿದೆ.
ಹಾರೆ ತಂದಿದ್ದೇನೆ.
ಫಿಂಟನ್‌ನ ತಾಯಿ ಆಗಲೇ ಬಂದು ನಿಂತಿದ್ದಾಳೆ.