ಕೈ ಕಟ್, ಬಾಯ್ ಮುಚ್

ಗಿರಿನಗರದ ಆ ಮನೆಯ ನೆಲಮಹಡಿ ಶಾಲೆಯಲ್ಲಿ
ನನಗೊಂದು ಪುಟ್ಟ ಕುರ್ಚಿ.
ಕೂತರೆ ಮಂಡಿ ಗಲ್ಲಕ್ಕೆ ಬರುತ್ತದೆ.
'ಮೊದಲ ವಾರ ಏನೂ ಕಲಿಸಬೇಡಿ,' ಎಂದರು ಪದ್ಮಾಕ್ಷಿ ಮೇಡಂ,
'ನೋಡಿ, ಬರೆದುಕೊಳ್ಳಿ, ಸಾಕು.'

ಕೆಂಗೇರಿಯ ಸರ್ಕಾರಿ ಶಾಲೆಯಲ್ಲಿ
ನಾನು ಮೊದಲು ಕಲಿತದ್ದು ಅಕ್ಷರವಲ್ಲ:
ಕೈ ಕಟ್, ಬಾಯ್ ಮುಚ್.
ಮೂವತ್ತು ವರ್ಷದ ಮೇಲೆ
ಚೀಟಿ ಕಂಪನಿಯ ಲೆಡ್ಜರು ಬಿಟ್ಟು ಬಂದು
ಅದೇ ಪಾಠಕ್ಕೆ ಮತ್ತೆ ಕೂತಿದ್ದೇನೆ.
ಈ ಸಲ ಕಟ್ಟಿದ ಕೈ ನನ್ನದೊಂದೇ.
ಮಕ್ಕಳ ಕೈಗೆ ಪುರುಸೊತ್ತಿಲ್ಲ.

ಸೋಮವಾರದ ಪುಟ:
'೯.೪೦. ಜುನೈದ್ ಚಾಪೆ ಸುತ್ತುತ್ತಿದ್ದಾನೆ.
೯.೪೪. ಅಂಚು ಸರಿ ಬರಲಿಲ್ಲ, ಬಿಚ್ಚಿದ.
೯.೫೧. ಇನ್ನೂ ಸುತ್ತುತ್ತಿದ್ದಾನೆ.
ವಿಶೇಷ ಏನಿಲ್ಲ.'
ಮೇಡಂ ಓದಿ, ಕೊನೆಯ ಎರಡು ಪದದ ಕೆಳಗೆ
ಪೆನ್ಸಿಲಿನಲ್ಲಿ ಗೆರೆ ಎಳೆದು
ಪುಸ್ತಕ ಹಿಂದಕ್ಕೆ ಕೊಟ್ಟರು. ಏನೂ ಹೇಳಲಿಲ್ಲ.

ಮಂಗಳವಾರ ನೀರು ಚೆಲ್ಲಿತು.
ಈ ಜಗ್ಗಿನಿಂದ ಆ ಜಗ್ಗಿಗೆ ಸುರಿಯುವ ಕೆಲಸ
(ಇಲ್ಲಿ ಆಟಕ್ಕೂ ಕೆಲಸ ಅಂತಲೇ ಹೆಸರು).
ಇಬ್ಬನಿಯ ಮೊಣಕೈ ತಗುಲಿ ಮೇಜೆಲ್ಲ ಕೆರೆ.
ವೇಲಿನ ತುದಿ ಹಿಡಿದು ನಾನು ಅರ್ಧ ಎದ್ದಿದ್ದೆ.
ಮಗಳ ಲೋಟ ಬೀಳುವ ಮುಂಚೆಯೇ ಹಿಡಿದು ಹಿಡಿದು
ಪಳಗಿದ ಕೈ ಇದು, ಮಾತು ಕೇಳುವುದಿಲ್ಲ.
ಮೇಡಂ ನೋಡಿದರು. ಕೂತೆ.
ಹುಡುಗಿ ಸ್ಪಂಜು ತಂದಳು, ಒತ್ತಿದಳು, ಬಕೆಟ್ಟಿಗೆ ಹಿಂಡಿದಳು,
ಕೊನೆಯ ಹನಿಗೆ ಕಿವಿ ಕೊಟ್ಟಳು,
ಮತ್ತೆ ಒತ್ತಿದಳು.
ಒರೆಸುವಾಗ ಅವಳ ಮುಖದಲ್ಲಿದ್ದ ಖುಷಿ
ಸುರಿಯುವಾಗ ಇರಲಿಲ್ಲ.
ನನ್ನ ಮಗಳಿಗೆ ಈಗ ಹದಿಮೂರು.
ಅವಳ ಪಾಲಿನ ಎಷ್ಟು ಕೆರೆಗಳನ್ನು
ನಾನೇ ಒರೆಸಿಬಿಟ್ಟೆನೋ.

ಬುಧವಾರ ಬಾಯಿ ಬಿಟ್ಟೆ.
ಅನಿರ್ಬಾನ್, ನಾಲ್ಕೂವರೆ ವರ್ಷ,
ಮನೆಯಲ್ಲಿ ಬಂಗಾಳಿ, ಲಿಫ್ಟಿನಲ್ಲಿ ಹಿಂದಿ, ಇಲ್ಲಿ ಕನ್ನಡ.
ಉಪ್ಪುಕಾಗದ ಕತ್ತರಿಸಿ ಅಂಟಿಸಿದ ಅಕ್ಷರದ ಮೇಲೆ
ಎರಡು ಬೆರಳಿಟ್ಟು ಳ ತಿದ್ದುತ್ತಿದ್ದ.
'ಲ. ಬಾಲೆಹಣ್ಣು.'
'ಲ ಅಲ್ಲ ಪುಟ್ಟಾ, ಳ. ಬಾಳೆಹಣ್ಣು. ಹೇಳು.'
ಅವನು ಹೇಳಲಿಲ್ಲ.
ಅಕ್ಷರವನ್ನು ಗೂಡಿನಲ್ಲಿಟ್ಟ, ಚಾಪೆ ಸುತ್ತಿದ,
ಮೀನಿನ ತೊಟ್ಟಿಯ ಮುಂದೆ ಹೋಗಿ ನಿಂತ.
ಆ ದಿನದ ಪುಟದಲ್ಲಿ ಬರೆದದ್ದು ಇಷ್ಟೇ:
'೧೦.೨೫. ನಾನು.'

ತಿದ್ದು. ನಮ್ಮಲ್ಲಿ ಎರಡಕ್ಕೂ ಒಂದೇ ಮಾತು,
ಅಕ್ಷರದ ಮೇಲೆ ಬೆರಳಾಡಿಸುವುದಕ್ಕೂ
ಕೆಂಪು ಶಾಯಿಯಲ್ಲಿ ಗೀಚುವುದಕ್ಕೂ.
ರಾಚಪ್ಪ ಮೇಷ್ಟ್ರು ನನ್ನ ತೋರುಬೆರಳು ಹಿಡಿದು
ಮರಳಿಗೆ ಒತ್ತುತ್ತಿದ್ದರು, ಉಗುರಿನ ಸಂದಿ ಉರಿಯುವ ತನಕ.
ತಿದ್ದಿಸಿದ್ದು ಯಾವ ಅಕ್ಷರವೋ ಮರೆತಿದೆ.
ಬೆರಳಿಗೆ ಅವರ ಹಿಡಿತ ನೆನಪಿದೆ.

ಗುರುವಾರ ಮೌನದ ಆಟ. ಕಣ್ಣು ಮುಚ್ಚಿ
ಕಸದ ಗಾಡಿಯ ಹಾಡು ತಿರುವಿನಲ್ಲಿ ಕರಗುವ ತನಕ ಕಾದೆವು.
ಪಕ್ಕದ ಮನೆಯ ಕುಕ್ಕರು ಮೂರು ಕೂಗಿತು.
ಆಮೇಲೆ ಮೇಡಂ ಕೇಳಿದರು, ಯಾರಿಗೆ ಏನು ಕೇಳಿಸಿತು?
'ಯಾರೋ ಕೊತ್ತಂಬರಿ ಹೆಚ್ಚುತ್ತಿದ್ದರು,' ಎಂದಳು ಇಬ್ಬನಿ.
ಜುನೈದ್: 'ಹೊಸ ಆಂಟಿಯ ಹೊಟ್ಟೆ.'
ನಿಜ. ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ.

ಅವತ್ತೇ ಗುಲಾಬಿ ಗೋಪುರದ ತುತ್ತತುದಿಯ
ಕಡಲೆಯಷ್ಟು ಘನ ಕಾಣೆಯಾಗಿ
ಮನೆಗೆ ಹೊರಡುವಾಗ ಚಾರ್ವಿಯ ಜೇಬಿನಲ್ಲಿ ಸಿಕ್ಕಿತು.
'ಅದಕ್ಕೆ ನಿದ್ದೆ ಬಂದಿದೆ,' ಎಂದಳು.
ಯಾರೂ ನಗಲಿಲ್ಲ.
ಮೇಡಂ ಅಂಗೈ ಚಾಚಿದರು, ಅವಳು ಮಲಗಿಸಿದಳು.

ಶುಕ್ರವಾರ ಹಣ್ಣು ಹೆಚ್ಚುವ ಕೆಲಸ.
ಮೊಂಡು ಚಾಕು, ಪುಟ್ಟ ಮಣೆ, ಒಂದು ಏಲಕ್ಕಿ ಬಾಳೆ.
ಅನಿರ್ಬಾನ್ ಏಳು ಬಿಲ್ಲೆ ಮಾಡಿ, ತಟ್ಟೆ ಹಿಡಿದು
ಒಬ್ಬೊಬ್ಬರ ಮುಂದೂ ನಿಂತು ನಿಂತು ಬಂದ.
ನನ್ನ ಸರದಿಗೆ ಒಂದೇ ಉಳಿದಿತ್ತು.
'ಆಂಟಿ, ಬಾಲೆಹಣ್ಣು ಬೇಕಾ?'
'ಬೇಕು. ಬಾಳೆಹಣ್ಣು ಅಂದರೆ ನನಗೆ ಇಷ್ಟ.'
ಅವನು ನನ್ನ ಬಾಯನ್ನೇ ನೋಡಿದ,
ಹಣ್ಣು ಒಳಹೋಗುವುದನ್ನೋ
ಮಾತು ಹೊರಬರುವುದನ್ನೋ, ತಿಳಿಯಲಿಲ್ಲ.

ಸಂಜೆ ಬಸ್ಸು ನಾಯಂಡಹಳ್ಳಿಯಲ್ಲಿ ನಿಂತೇ ಇತ್ತು.
ಹಿಡಿಕೆಗೆ ಜೋತುಬಿದ್ದು
ಳ ಎಂದು ನೋಡಿಕೊಂಡೆ, ಸದ್ದಿಲ್ಲದೆ.
ನಾಲಿಗೆ ಹಿಂದಕ್ಕೆ ಮಡಚಿ, ಅಂಗುಳ ಮುಟ್ಟಿ,
ಒಂದು ಗಳಿಗೆ ತಡೆದು, ಬೀಳುತ್ತದೆ.
ಇಷ್ಟು ವರ್ಷ ಆಡಿದ್ದೇನೆ, ನೋಡಿರಲಿಲ್ಲ.
ಮತ್ತೆ ಮಡಚಿದೆ. ಮತ್ತೆ.
ಪಕ್ಕದ ಹೆಂಗಸು ಮುಖ ನೋಡಿ
'ಯಾಕಮ್ಮಾ, ಹಲ್ಲುನೋವಾ?' ಎಂದಳು.
'ಇಲ್ಲ,' ಎಂದೆ. 'ಬಾಳೆಹಣ್ಣು.'